ಎಲ್ಲರಿಗಿಂತ ಎತ್ತರ: ಇಂಗ್ಲಿಷಿನ ತಮರೂಪವೂ ರಾಯಲ್ಪಾಡಿನ ಮಾತೂ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ ಹೊರಡುವ ಕಡೇ ಬಸ್ಸನ್ನು ಜನ 'ಲಾಸ್ಟ್ ಬಸ್ಸು' ಅನ್ನುತ್ತಾರೆ. ಬೆಳಗಿನದು 'ಫಸ್ಟ್ ಬಸ್ಸು'. ಇಳಿಯುವವರು ಕಂಡಕ್ಟರನ್ನು ಕೇಳುವುದು 'ನೆಕ್ಸ್ಟ್ ಸ್ಟಾಪ್ ಯಾವ್ದು' ಎಂದು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಈ ಹೋಬಳಿಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಈ ಮೂರು ಪದಗಳು ನಿಂತಿವೆ. ಮೂರೂ ಇಂಗ್ಲಿಷಿನ ಸೂಪರ್ಲೇಟಿವ್ ರೂಪಗಳೇ, ಅಂದರೆ ತಮರೂಪಗಳೇ. 'ಮುಂದೆ' ಎಂಬ ಅರ್ಥದ 'ಫೋರ್' ಪದದ ತಮರೂಪ 'ಫಸ್ಟ್'. 'ಹತ್ತಿರ' ಎಂಬ ಅರ್ಥದ ಹಳೆಯ 'ನೈ' ಪದದ ತಮರೂಪ 'ನೆಕ್ಸ್ಟ್', ಅಂದರೆ ಎಲ್ಲಕ್ಕಿಂತ ಹತ್ತಿರದ್ದು. 'ಲೇಟ್' ಪದದ ಹಳೆಯ ತಮರೂಪ ಸವೆದು 'ಲಾಸ್ಟ್' ಆಯಿತು. ಅದೇ 'ಲೇಟ್'ಗೆ ಮುಂದೆ ಹೊಸದಾಗಿ ಹುಟ್ಟಿದ ರೂಪ 'ಲೇಟೆಸ್ಟ್'. ಅದೂ ನಮ್ಮ ಮೊಬೈಲ್ ಅಂಗಡಿಗಳಿಗೆ ಬಂದು ಸೇರಿದೆ.

ಬಸ್ಸಿನಲ್ಲಿ ಇಷ್ಟು ಸಲೀಸಾಗಿ ಓಡಾಡುವ ಈ ರೂಪ ತರಗತಿಯೊಳಗೆ ಬಂದ ಕೂಡಲೇ ಕಗ್ಗಂಟಾಗುತ್ತದೆ. 'ಟಾಲ್, ಟಾಲರ್, ಟಾಲೆಸ್ಟ್' ಎಂದು ಬಾಯಿಪಾಠ ಒಪ್ಪಿಸಿದ ಹುಡುಗನೇ ವಾಕ್ಯ ಬರೆಯುವಾಗ 'ಟಾಲೆಸ್ಟ್ ದ್ಯಾನ್ ಆಲ್' ಎಂದು ಬರೆಯುತ್ತಾನೆ. ಇದನ್ನು ದಡ್ಡತನ ಎಂದು ಕೆಂಪು ಮಸಿಯಲ್ಲಿ ಹೊಡೆದುಹಾಕುವುದು ನಮ್ಮ ರೂಢಿ. ಈ ತಪ್ಪಿಗೆ ಒಂದು ಚರಿತ್ರೆ ಇದೆ, ಒಳಗೊಂದು ಗಟ್ಟಿ ವ್ಯಾಕರಣವೂ ಇದೆ ಎಂಬುದು ಈ ಲೇಖನದ ವಾದ. ಇಂಗ್ಲಿಷು ಹೆಚ್ಚುಗಾರಿಕೆಯನ್ನು ಪದದ ಬಾಲದಲ್ಲಿ ಕಟ್ಟುತ್ತದೆ. ಕನ್ನಡ, ತೆಲುಗು ಎರಡೂ ಅದನ್ನು ಗುಂಪಿನ ಎದುರು ನಿಲ್ಲಿಸಿ ಹೇಳುತ್ತವೆ. ಈ ಎರಡು ದಾರಿಗಳನ್ನು ನಮ್ಮ ವ್ಯಾಕರಣಕಾರರು, ಅನುವಾದಕರು, ಮೇಷ್ಟರುಗಳು ಹೇಗೆ ಕಂಡರು, ಎಲ್ಲಿ ಒಂದರ ಮೇಲೊಂದನ್ನು ಹೇರಿದರು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಇಂಗ್ಲಿಷಿನ 'ಎಸ್ಟ್' ಪ್ರತ್ಯಯದ ಮೂಲ. ಆಕಾಶವಾಣಿಯ ಹವಾಮಾನ ವರದಿಯಲ್ಲಿ ದಿನವೂ ಕೇಳುವ 'ಗರಿಷ್ಠ', 'ಕನಿಷ್ಠ' ಪದಗಳ ಕೊನೆಯನ್ನು ಗಮನಿಸಿ. ಶ್ರೇಷ್ಠ, ಜ್ಯೇಷ್ಠ, ಬಲಿಷ್ಠ ಇವುಗಳಲ್ಲಿಯೂ ಇರುವುದು ಸಂಸ್ಕೃತದ 'ಇಷ್ಠ' ಪ್ರತ್ಯಯ. ಗ್ರೀಕಿನ 'ಇಸ್ತೊಸ್', ಇಂಗ್ಲಿಷಿನ 'ಎಸ್ಟ್' ಇದರ ಒಡಹುಟ್ಟುಗಳು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬುಡದವು ಎಂದು ಹೇಳಿದ ಮೇಲೆ ಬೆಳೆದ ತೌಲನಿಕ ಭಾಷಾಶಾಸ್ತ್ರ ಇಂಥ ಹೋಲಿಕೆಗಳನ್ನೇ ಆಧಾರವಾಗಿ ಹಿಡಿಯಿತು. 'ಕನಿಷ್ಠ ಹತ್ತು ಜನ ಬರ್ತಾರೆ' ಎನ್ನುವ ರಾಯಲ್ಪಾಡಿನ ರೈತನೂ 'ಅಟ್ ಲೀಸ್ಟ್ ಟೆನ್' ಎನ್ನುವ ಲಂಡನ್ನಿನವನೂ ಒಂದೇ ಹಳೆಯ ಪ್ರತ್ಯಯವನ್ನು ಒಂದೇ ಕೆಲಸಕ್ಕೆ ಬಳಸುತ್ತಿದ್ದಾರೆ. ಮಕ್ಕಳಿಗೆ ಇದನ್ನು ಹೇಳಿದರೆ 'ಎಸ್ಟ್' ಬಗ್ಗೆ ಅವರಿಗಿರುವ ಅರ್ಧ ಭಯ ಹೋಗುತ್ತದೆ ಎಂದು ನನ್ನ ನಂಬಿಕೆ.

ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಷಯಕ್ಕೆ ಸೂತ್ರಗಳಿವೆ. ಹಲವರಲ್ಲಿ ಒಬ್ಬನ ಅತಿಶಯ ಹೇಳಲು 'ತಮ' ಮತ್ತು 'ಇಷ್ಠ', ಇಬ್ಬರನ್ನು ಬೇರ್ಪಡಿಸಿ ಹೇಳಲು 'ತರ' ಮತ್ತು 'ಈಯಸ್'. ಇಬ್ಬರಿದ್ದಾಗ 'ಟಾಲರ್ ಆಫ್ ದ ಟೂ', ಮೂವರು ಅಥವಾ ಹೆಚ್ಚಾದರೆ 'ಟಾಲೆಸ್ಟ್' ಎಂದು ಇಂಗ್ಲಿಷ್ ವ್ಯಾಕರಣ ಹಿಡಿಯುವ ಪಟ್ಟೂ ಇದೇ ಲೆಕ್ಕ. ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಗುಂಪಿನಿಂದ ಒಬ್ಬನನ್ನು ಆರಿಸಿ ತೆಗೆಯುವುದನ್ನು ಪಾಣಿನಿ 'ನಿರ್ಧಾರಣ' ಎಂದು ಕರೆದು, ಅಲ್ಲಿ ಗುಂಪಿನ ಹೆಸರಿಗೆ ಷಷ್ಠಿ ಅಥವಾ ಸಪ್ತಮಿ ಬರುತ್ತದೆ ಎಂದು ವಿಧಿಸಿದ. ಕನ್ನಡಕ್ಕೆ ಬಂದಾಗ 'ತಮ' ಪ್ರತ್ಯಯಕ್ಕಿಂತ ಈ ನಿರ್ಧಾರಣವೇ ಹೆಚ್ಚು ಬೆಳಕು ಕೊಡುತ್ತದೆ.

ಇಂಗ್ಲಿಷಿನಲ್ಲಿ 'ಎಸ್ಟ್' ಹಳೆಯದು. ವಿಶೇಷಣದ ಹಿಂದೆ 'ಮೋಸ್ಟ್' ಇಡುವ ಪದ್ಧತಿ ಮಧ್ಯಕಾಲದ ಇಂಗ್ಲಿಷಿನಲ್ಲಿ ಬೆಳೆದು ಹರಡಿತು. ಎರಡೂ ಕೂಡಿಯೇ ಬರುತ್ತಿದ್ದ ಕಾಲವೂ ಇತ್ತು. ಶೇಕ್ಸ್‌ಪಿಯರ್ 'ಜೂಲಿಯಸ್ ಸೀಸರ್' ನಾಟಕದಲ್ಲಿ ಆಂಟನಿಯ ಭಾಷಣದ ತುರೀಯ ಘಟ್ಟದಲ್ಲೇ 'ಮೋಸ್ಟ್' ಮತ್ತು 'ಎಸ್ಟ್' ಎರಡನ್ನೂ ಒಂದೇ ವಿಶೇಷಣಕ್ಕೆ ತೊಡಿಸಿದ್ದಾನೆ. 1762ರಲ್ಲಿ ರಾಬರ್ಟ್ ಲೌತ್ ಬರೆದ ಇಂಗ್ಲಿಷ್ ವ್ಯಾಕರಣ ಇಂಥ ಇಮ್ಮಡಿ ರೂಪಗಳನ್ನು ಅಶುದ್ಧವೆಂದಿತು. 1795ರ ಲಿಂಡ್ಲೆ ಮರೆಯ ವ್ಯಾಕರಣ ಆ ಶಿಸ್ತನ್ನು ಶಾಲೆಗಳಿಗೆ ಹಂಚಿತು. ನಮ್ಮ ಹುಡುಗಿ 'ಮೋಸ್ಟ್ ಬಿಗ್ಗೆಸ್ಟ್' ಎಂದು ಬರೆದಾಗ ಅವಳಿಗೆ ಸಿಗುವ ಸೊನ್ನೆಗೆ ಕಾರಣ ಹದಿನೆಂಟನೆಯ ಶತಮಾನದ ಈ ಒಪ್ಪಂದ. ಕನ್ನಡದಲ್ಲಿ ನಾವು ಹಿಂಜರಿಕೆಯಿಲ್ಲದೆ 'ಶ್ರೇಷ್ಠತಮ' ಎನ್ನುತ್ತೇವೆ, 'ಅತಿ ಶ್ರೇಷ್ಠ' ಎನ್ನುತ್ತೇವೆ. 'ಇಷ್ಠ'ದ ಮೇಲೆ 'ತಮ' ಕೂತ ಆ ರೂಪ ಋಗ್ವೇದದಷ್ಟು ಹಿಂದಿನದು. ಹೆಚ್ಚುಗಾರಿಕೆಯ ಪ್ರತ್ಯಯ ಬಳಸಿ ಬಳಸಿ ಸವೆದಾಗ ಜನ ಅದರ ಮೇಲೆ ಇನ್ನೊಂದನ್ನು ಹೊದಿಸುತ್ತಾರೆ. ಇದು ಎಲ್ಲ ಕಡೆಯೂ ನಡೆದದ್ದು.

ಸವೆತಕ್ಕೆ 'ಉತ್ತಮ' ಎಂಬ ಪದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 'ಉತ್' ಎಂದರೆ ಮೇಲೆ. 'ತಮ' ಸೇರಿದರೆ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಕೊನೆಯದು. ವ್ಯಾಕರಣದ 'ಉತ್ತಮ ಪುರುಷ'ದಲ್ಲಿ ಆ ಹಳೆಯ 'ಕೊನೆಯ' ಎಂಬ ಅರ್ಥ ಇನ್ನೂ ಉಳಿದಿದೆ: ಪ್ರಥಮ, ಮಧ್ಯಮ, ಉತ್ತಮ ಎಂಬ ಎಣಿಕೆಯಲ್ಲಿ 'ನಾನು' ಕಡೆಗೆ ಬರುತ್ತದೆ. ಈಗ ಶಾಲೆಯ ಅಂಕಪಟ್ಟಿ ತೆಗೆದು ನೋಡಿ. 'ತೃಪ್ತಿಕರ', ಅದರ ಮೇಲೆ 'ಉತ್ತಮ', ಅದರ ಮೇಲೆ 'ಅತ್ಯುತ್ತಮ'. ಹುಟ್ಟಿನಿಂದ ತುತ್ತತುದಿಯಲ್ಲಿದ್ದ ಪದ ಕನ್ನಡದಲ್ಲಿ ಸುಮ್ಮನೆ 'ಒಳ್ಳೆಯ' ಎಂಬಲ್ಲಿಗೆ ಇಳಿದು, ತನ್ನ ಹಳೆಯ ಜಾಗಕ್ಕೆ ಏರಲು 'ಅತಿ'ಯ ಏಣಿ ಹಿಡಿದಿದೆ. ಇಂಗ್ಲಿಷಿನ 'ಬೆಸ್ಟ್' ಪದಕ್ಕೂ ನಮ್ಮಲ್ಲಿ ಇದೇ ಗತಿ. 'ನಡ್ಕೊಂಡು ಹೋಗೋದಕ್ಕಿಂತ ಆಟೋದಲ್ಲಿ ಹೋಗೋದು ಬೆಸ್ಟು' ಎಂದಾಗ ಅಲ್ಲಿ ಇರುವುದು ಎರಡರ ಹೋಲಿಕೆ. ಇಂಗ್ಲಿಷಿನವನು 'ಬೆಟರ್' ಅನ್ನಬೇಕಾದ ಕಡೆ. ಕನ್ನಡದ 'ಗಿಂತ' ಹೋಲಿಕೆಯ ಭಾರವನ್ನೆಲ್ಲ ತಾನೇ ಹೊತ್ತಿರುವುದರಿಂದ 'ಬೆಸ್ಟು' ಬರೀ 'ವಾಸಿ' ಆಗಿ ಕೂರುತ್ತದೆ.

'ತರ', 'ತಮ' ಎಂಬ ಎರಡು ಪ್ರತ್ಯಯಗಳು ಜೊತೆಗೂಡಿ ಕನ್ನಡ ನಾಡಿನಲ್ಲಿ ಮಾಡಿದ ಪ್ರಯಾಣ ಇನ್ನೂ ದೊಡ್ಡದು. ತರತಮ, ಅದರಿಂದ ತಾರತಮ್ಯ. ಕೋಲಾರ ಜಿಲ್ಲೆಯೊಳಗೇ ಈ ಪದದ ಒಂದು ಮುಖ್ಯ ಮನೆ ಇದೆ. ಮುಳಬಾಗಿಲಿನ ಹತ್ತಿರದ ನರಸಿಂಹತೀರ್ಥದಲ್ಲಿ ಹದಿನೈದನೆಯ ಶತಮಾನದಲ್ಲಿ ಶ್ರೀಪಾದರಾಜರು ಮಠ ನಡೆಸಿದರು. ವಿಜಯನಗರದಲ್ಲಿ ಮುಂದೆ ಹೆಸರಾದ ವ್ಯಾಸತೀರ್ಥರು ಅವರಲ್ಲಿ ಓದಿದವರು. ಮಧ್ವ ಸಿದ್ಧಾಂತದಲ್ಲಿ ತಾರತಮ್ಯ ಒಂದು ತತ್ತ್ವ: ಜೀವರೆಲ್ಲ ಸಮರಲ್ಲ, ದೇವತೆಗಳಲ್ಲೂ ಮೇಲು ಕೆಳಗಿನ ಮೆಟ್ಟಿಲುಗಳಿವೆ, ಎಲ್ಲದರ ತುದಿಗೆ ಸರ್ವೋತ್ತಮನಾದ ಹರಿ. ಪಾಣಿನಿಯಲ್ಲಿ ಪ್ರತ್ಯಯವಾಗಿದ್ದದ್ದು ಇಲ್ಲಿ ಲೋಕದ ರಚನೆಯಾಯಿತು. ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಅದೇ ಪದ 'ಜಾತಿ ತಾರತಮ್ಯ', 'ಲಿಂಗ ತಾರತಮ್ಯ' ಎಂದು ಅನ್ಯಾಯದ ಹೆಸರಾಗಿ ನಿಂತಿದೆ. ಸಂವಿಧಾನದ 15ನೆಯ ಅನುಚ್ಛೇದವನ್ನು ಕನ್ನಡದಲ್ಲಿ ವಿವರಿಸುವವರು ಈ ಪದವನ್ನು ಬಿಟ್ಟು ಮಾತಾಡಲಾರರು. ವ್ಯಾಕರಣದ ಒಂದು ಅಂಶ ಇಷ್ಟು ಆಳಕ್ಕೆ ಇಳಿದು ಸಮಾಜದ ಮಾತಾದ ಉದಾಹರಣೆ ಕನ್ನಡದಲ್ಲಿ ವಿರಳ. ಹೀಗಿದ್ದೂ ಆ ಪ್ರತ್ಯಯಗಳು ಅಚ್ಚಗನ್ನಡ ಪದಗಳಿಗೆ ಅಂಟಲಿಲ್ಲ. 'ಪ್ರಿಯತಮ' ಆಗುತ್ತದೆ, 'ದೊಡ್ಡತಮ' ಆಗುವುದಿಲ್ಲ.

ವ್ಯಾಕರಣಕಾರ ಕೇಶಿರಾಜನಿಗೆ ಇದು ಗೊತ್ತಿತ್ತು ಎಂದು ಅವನ ಗ್ರಂಥದ ಕಟ್ಟಡವೇ ಹೇಳುತ್ತದೆ. ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳಿವೆ. ತರತಮಕ್ಕೆಂದು ಬೇರೆ ಪ್ರಕರಣ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು, ಕಂಪನಿಯ ಅಧಿಕಾರಿಗಳು ಕನ್ನಡಕ್ಕೆ ವ್ಯಾಕರಣ ಬರೆಯತೊಡಗಿದಾಗ ಅವರ ಓದುಗ ಇಂಗ್ಲಿಷಿನವನು. ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ, ಮೆಕೆರೆಲ್ಲನದು 1820ರಲ್ಲಿ ಮದರಾಸಿನಲ್ಲಿ, ಥಾಮಸ್ ಹಾಡ್ಸನ್ನನದು 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದವು. ತನ್ನ ಭಾಷೆಯ ಮೂರು 'ಡಿಗ್ರಿ'ಗಳಿಗೆ ಕನ್ನಡದಲ್ಲಿ ಏನಿದೆ ಎಂದು ಹುಡುಕುವುದು ಆ ಓದುಗನಿಗೆ ಸಹಜವಾಗಿತ್ತು.

ವಿಷಯವನ್ನು ನೇರವಾಗಿ ಹೇಳಿದವನು ರಾಬರ್ಟ್ ಕಾಲ್ಡ್‌ವೆಲ್. ತಮಿಳು, ತೆಲುಗು, ಕನ್ನಡ ಸಂಸ್ಕೃತದಿಂದ ಬೇರೆಯಾದ ಒಂದು ಕುಲ ಎಂದು 1816ರಲ್ಲಿ ಮದರಾಸಿನ ಎಲ್ಲಿಸ್ ತೋರಿಸಿದ್ದ. 1856ರ ತನ್ನ ತೌಲನಿಕ ವ್ಯಾಕರಣದಲ್ಲಿ ಕಾಲ್ಡ್‌ವೆಲ್ ಆ ಕುಲದ ಭಾಷೆಗಳಲ್ಲಿ ವಿಶೇಷಣಕ್ಕೆ ತರ, ತಮದಂಥ ಬಾಲ ಹತ್ತುವುದಿಲ್ಲ, ಹೋಲಿಸಬೇಕಾದ ವಸ್ತುವಿನ ಹೆಸರಿಗೆ ವಿಭಕ್ತಿ ಹಚ್ಚಿ ಹೋಲಿಕೆ ಮಾಡುತ್ತಾರೆ ಎಂದು ಬರೆದ. ಈ ಒಂದು ಮಾತು ಅಂದೇ ನಮ್ಮ ಇಂಗ್ಲಿಷ್ ಪಾಠಗಳಿಗೆ ಬಂದಿದ್ದರೆ ಎಷ್ಟೋ ತಲೆಮಾರಿನ ಮಕ್ಕಳ ಕಷ್ಟ ಕಡಿಮೆಯಾಗುತ್ತಿತ್ತು.

ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ, ಆಂಧ್ರದ ಗಡಿಗೆ ಅಂಟಿದಂತಿದೆ. ಸುತ್ತಲ ಸೀಮೆಯಲ್ಲಿ ತೆಲುಗಿನ ಜೊತೆಗೆ ಕನ್ನಡವಿದೆ, ದಖ್ಖನಿ ಉರ್ದು ಇದೆ, ಜಿಲ್ಲೆಯ ಇನ್ನೊಂದು ತುದಿಯ ಕೆ.ಜಿ.ಎಫ್.ನಲ್ಲಿ ತಮಿಳಿದೆ. 'ಎಲ್ಲರಿಗಿಂತ ದೊಡ್ಡವನು' ಎಂಬುದನ್ನು ಈ ನಾಲ್ಕರಲ್ಲೂ ಹೇಳಿ ನೋಡಿ. ತೆಲುಗಿನವರು 'ಅಂದರಿಕಂಟೆ ಪೆದ್ದೋಡು' ಅನ್ನುತ್ತಾರೆ. ಆ 'ಕಂಟೆ' ಎಂಬುದು 'ಕಾಣು' ಅರ್ಥದ 'ಕನು' ಧಾತುವಿನಿಂದ ಬಂದದ್ದು: ಎಲ್ಲರನ್ನೂ ಕಂಡರೆ, ನೋಡಿದರೆ, ಇವನು ದೊಡ್ಡವನು. ನಾವೂ ಕನ್ನಡದಲ್ಲಿ 'ಅವ್ರನ್ನೆಲ್ಲಾ ನೋಡಿದ್ರೆ ಇವನೇ ವಾಸಿ' ಅನ್ನುವುದಿಲ್ಲವೇ? ತಮಿಳಿನ 'ವಿಡ' ಎಂದರೆ ಬಿಡಲು: ಮಿಕ್ಕವರನ್ನು ಆಚೆ ಬಿಟ್ಟು ಇವನನ್ನು ತೆಗೆಯುವುದು. ಉರ್ದುವಿನಲ್ಲಿ 'ಸಬ್ ಸೇ ಬಡಾ'. ಉರ್ದು ಸಂಸ್ಕೃತದ ಕುಲದ್ದು. ತರ, ತಮಗಳ ವಾರಸುದಾರಿಕೆ ಇದ್ದೂ ಅದು ಆಡುಮಾತಿನಲ್ಲಿ ಆ ಬಾಲಗಳನ್ನು ಬಿಟ್ಟು, ನಮ್ಮ ಹಾಗೆಯೇ 'ಎಲ್ಲರಿಗಿಂತ' ಎಂಬ ದಾರಿ ಹಿಡಿದಿದೆ. ನಾಲ್ಕು ಭಾಷೆ, ಎರಡು ಕುಲ, ಒಂದೇ ವಾಕ್ಯರಚನೆ. ಇಷ್ಟು ಗಟ್ಟಿಯಾಗಿ ಬೇರೂರಿದ ಒಂದು ಕ್ರಮ ಮಗುವಿನ ತಲೆಯಲ್ಲಿರುವಾಗ 'ಟಾಲೆಸ್ಟ್ ದ್ಯಾನ್ ಆಲ್' ಎಂದು ಬರೆಯದೆ ಇನ್ನೇನು ಬರೆಯಬೇಕು?

'ಗಿಂತ' ಒಂದೇ ದಾರಿಯೇನಲ್ಲ. ಶ್ರೀನಿವಾಸಪುರ ಮಾವಿನ ಊರು. ಹಣ್ಣಿನ ಕಾಲದಲ್ಲಿ ಮಂಡಿಗೆ ಹೋದರೆ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ, ಬೇನಿಷಾ ರಾಶಿ ರಾಶಿಯಾಗಿ ಬಿದ್ದಿರುತ್ತವೆ, ಹಣ್ಣನ್ನು ಗಾತ್ರ ನೋಡಿ ಬೇರೆ ಬೇರೆ ಮಾಡುತ್ತಿರುತ್ತಾರೆ. ತರತಮದ ಕೆಲಸ ಅಲ್ಲಿ ಕೈಯಲ್ಲೇ ನಡೆಯುತ್ತದೆ. ಒಂದು ಹಣ್ಣನ್ನು ಎತ್ತಿ ಹಿಡಿದವನು ಏನೆನ್ನುತ್ತಾನೆ? 'ಇದ್ರಲ್ಲೆಲ್ಲಾ ಇದೇ ದೊಡ್ಡದು.' ತೆಲುಗಿನಲ್ಲಿ, 'ಅನ್ನಿಟ್ಲೋ ಇದೇ ಪೆದ್ದದಿ.' ಎರಡು ಭಾಷೆಯಲ್ಲೂ 'ಇದೇ' ಎಂಬ ಪದ ಅಕ್ಷರಶಃ ಒಂದೇ. ಈ ವಾಕ್ಯದಲ್ಲಿ ಹೆಚ್ಚು ಎಂದು ಹೇಳುವ ಯಾವ ಪದವೂ ಇಲ್ಲ. ಗುಂಪಿಗೆ ಸಪ್ತಮಿ ಹತ್ತಿದೆ, 'ಎಲ್ಲಾ' ಆ ಗುಂಪನ್ನು ತುಂಬಿದೆ, 'ಏ' ಬೆರಳಿಟ್ಟು ಒಂದನ್ನು ತೋರಿಸಿದೆ. ಪಾಣಿನಿ ನಿರ್ಧಾರಣ ಎಂದದ್ದು ಇದನ್ನೇ. ಇಂಗ್ಲಿಷಿನ ತಮರೂಪದ ಹಿಂದೆ ಸಾಮಾನ್ಯವಾಗಿ ಬರುವ 'ದ' ಎಂಬ ಪದ ಮಾಡುವ ಕೆಲಸವೂ ಇದೇ: ಅದೊಂದೇ, ಬೇರೆಯದಲ್ಲ ಎಂದು ಗುರುತಿಸುವುದು. ಕನ್ನಡದಲ್ಲಿ 'ದ' ಇಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ಇಲ್ಲಿಯ ಮಟ್ಟಿಗೆ ಇದೆ, ಪದದ ಹಿಂದಲ್ಲ, ಕೊನೆಯಲ್ಲಿ, 'ಏ' ಆಗಿ.

ಅದೇ 'ಏ' ಚತುರ್ಥಿಯ ಮೇಲೆ ಕೂತಾಗ ಇನ್ನೊಂದು ಸೊಗಸು. 'ನಮ್ ಹುಡುಗಿ ತಾಲ್ಲೂಕಿಗೇ ಫಸ್ಟು', 'ಊರಿಗೇ ದೊಡ್ಡ ಮನೆ', 'ಜಿಲ್ಲೆಗೇ ಹೆಸರುವಾಸಿ'. ಎಷ್ಟು ದೊಡ್ಡ ವಠಾರದಲ್ಲಿ ಹೆಚ್ಚು ಎಂಬುದನ್ನು ಒಂದು ವಿಭಕ್ತಿ, ಒಂದು ಸ್ವರ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಈ ಜಾಗಕ್ಕೆ 'ಇನ್ ದ ತಾಲೂಕ್', 'ಇನ್ ದ ವಿಲೇಜ್' ಬರುತ್ತದೆ. ಇನ್ನು ಅಲ್ಲಗಳೆದು ಹೇಳುವ ಕ್ರಮವಂತೂ ನಮ್ಮ ಗಾದೆಗಳ ಜೀವ: 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ.' ಉಪ್ಪು ಅತ್ಯಂತ ರುಚಿಯಾದ ಪದಾರ್ಥ, ತಾಯಿ ಅತ್ಯಂತ ನಿಕಟ ಬಂಧು ಎಂದು ಇದನ್ನು ತಿದ್ದಿ ಬರೆದು ನೋಡಿ. ಗಾದೆಯ ಉಸಿರೇ ಹೋಗುತ್ತದೆ. 'ದ ಬೆಸ್ಟ್ ಮ್ಯಾಂಗೋ ಐ ಹ್ಯಾವ್ ಎವರ್ ಈಟನ್' ಎಂಬುದಕ್ಕೂ ಈ ಸೀಮೆಯ ಬಾಯಲ್ಲಿ ಬರುವ ಮಾತು ಒಂದೇ, 'ಇಂಥ ಹಣ್ಣು ನಾನು ತಿಂದೇ ಇಲ್ಲ.'

ಹಾಗಾದರೆ ಕನ್ನಡದಲ್ಲಿ ಪದದೊಳಗೇ ತಮಭಾವ ಹುದುಗಿದ ರೂಪ ಇಲ್ಲವೇ ಇಲ್ಲವೇ? ಇದೆ. ಅದನ್ನು ನಾವು ತರತಮದ ಪಾಠದಲ್ಲಿ ನೋಡದೆ ದ್ವಿರುಕ್ತಿಯ ಪಾಠದಲ್ಲಿ ಕಲಿಯುತ್ತೇವೆ. ಮೊಟ್ಟಮೊದಲು, ಕಟ್ಟಕಡೆ, ನಟ್ಟನಡು, ತುತ್ತತುದಿ, ಬಟ್ಟಬಯಲು. 'ಮೊದಲು' ಎಂದರೆ ಮೊದಲು, 'ಮೊಟ್ಟಮೊದಲು' ಎಂದರೆ ಅದಕ್ಕಿಂತ ಮೊದಲು ಇನ್ನೊಂದಿಲ್ಲ. ಮೊದಲ ಅಕ್ಷರವನ್ನು ಎತ್ತಿಕೊಂಡು, ಅದರ ಮೇಲೆ ಒತ್ತಕ್ಷರ ಹಾಕಿ, ಇಡೀ ಪದದ ಹಿಂದೆ ನಿಲ್ಲಿಸುವ ಈ ಕ್ರಮ ತೆಲುಗಿನಲ್ಲೂ ಹಾಗೆಯೇ ಇದೆ: ಮೊಟ್ಟಮೊದಟ, ಕಟ್ಟಕಡ, ನಟ್ಟನಡುಮ, ಚಿಟ್ಟಚಿವರ. ಪರವಸ್ತು ಚಿನ್ನಯಸೂರಿ 1858ರ ತನ್ನ ಬಾಲವ್ಯಾಕರಣದಲ್ಲಿ 'ಕಡ' ಮೊದಲಾದ ಪದಗಳ ಗುಂಪೊಂದನ್ನು ಗುರುತಿಸಿ ಇದಕ್ಕೆ ಆಮ್ರೇಡಿತ ಸಂಧಿಯ ಸೂತ್ರ ಬರೆದ. ಈ ಪಟ್ಟಿಯ ಪದಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಗುಟ್ಟು ತಿಳಿಯುತ್ತದೆ. ಮೊದಲು, ಕಡೆ, ನಡು, ತುದಿ, ಬಯಲು, ಎದುರು. ಎಲ್ಲವೂ ಜಾಗದ ಹೆಸರುಗಳು, ಗುಣದ ಹೆಸರುಗಳಲ್ಲ. 'ದೊಡ್ಡ'ಕ್ಕೆ ಇಂಥ ರೂಪ ಇಲ್ಲ. ಸಾಲಿನಲ್ಲಿ, ಬಯಲಿನಲ್ಲಿ ಒಂದು ವಸ್ತು ಎಲ್ಲಿ ನಿಂತಿದೆ ಎಂಬುದರ ಪರಮಾವಧಿಯನ್ನು ಈ ಎರಡು ಭಾಷೆಗಳು ಪದದೊಳಗೇ ಹೇಳುತ್ತವೆ, ಗುಣದ ಪರಮಾವಧಿಯನ್ನು ಗುಂಪಿನ ನೆರವಿನಿಂದ ಹೇಳುತ್ತವೆ. ಇಂಗ್ಲಿಷಿನ ಫಸ್ಟ್, ನೆಕ್ಸ್ಟ್, ಲಾಸ್ಟ್ ಎಂಬ ಜಾಗಸೂಚಕ ತಮರೂಪಗಳೇ ನಮ್ಮ ಜನರ ಬಾಯಿಗೆ ಅಷ್ಟು ಬೇಗ ಹೊಂದಿದ್ದಕ್ಕೂ ಇದಕ್ಕೂ ಸಂಬಂಧ ಇರಬೇಕು ಎಂದು ನನಗೆ ತೋರುತ್ತದೆ.

ಮನೆಯೊಳಗಿನ ಮಾತು ಇನ್ನೂ ಸರಳ. ರಾಯಲ್ಪಾಡಿನ ಕಡೆಯ ತೆಲುಗು ಮನೆಯಲ್ಲಿ ಮೂವರು ಗಂಡುಮಕ್ಕಳಿದ್ದರೆ ಪೆದ್ದೋಡು, ನಡಿಪೋಡು, ಚಿನ್ನೋಡು. ಕನ್ನಡದ ಮನೆಯಲ್ಲಿ ದೊಡ್ಡೋನು, ನಡುವಿನೋನು, ಚಿಕ್ಕೋನು. 'ದೊಡ್ಡ' ಇಲ್ಲಿ ಬರೀ ದೊಡ್ಡ ಅಲ್ಲ, 'ಎಲ್ಡೆಸ್ಟ್'. ಮನೆಯ ಮಕ್ಕಳ ಗುಂಪು ಎಣಿಸಿಟ್ಟಂತೆ ಕಣ್ಣೆದುರಿಗೇ ಇರುವುದರಿಂದ ಬಾಲದ ಅಗತ್ಯವೇ ಬೀಳುವುದಿಲ್ಲ. 'ಅವರ ದೊಡ್ಡ ಮಗ' ಎಂಬುದನ್ನು 'ಹಿಸ್ ಬಿಗ್ ಸನ್' ಎಂದು ಬರೆದ ಹುಡುಗನಿಗೆ ಅರ್ಥ ಗೊತ್ತಿಲ್ಲವೆಂದಲ್ಲ. ಇಂಗ್ಲಿಷು ಆ ಅರ್ಥಕ್ಕೆ ಬೇರೆ ರೂಪ ಕೇಳುತ್ತದೆ ಎಂದು ಯಾರೂ ಅವನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿಲ್ಲ, ಅಷ್ಟೇ.

ಈಗ 'ಅತ್ಯಂತ'ದ ವಿಷಯ. ಇಂಗ್ಲಿಷ್ ಪಾಠದಲ್ಲಿ 'ಬಿಗ್ಗೆಸ್ಟ್ ಅಂದರೆ ಅತ್ಯಂತ ದೊಡ್ಡ' ಎಂದು ಹೇಳಿಕೊಡುತ್ತೇವೆ. ಈ ಪದದ ಹುಟ್ಟು ಅರ್ಥ 'ಅಂತವನ್ನು ಮೀರಿದ್ದು', ಬಳಕೆಯ ಅರ್ಥ 'ತುಂಬಾ'. 'ಅತ್ಯಂತ ಸಂತೋಷವಾಯಿತು' ಎಂದರೆ ಬಹಳ ಸಂತೋಷವಾಯಿತು ಎಂದೇ ಹೊರತು ಜೀವಮಾನದ ಎಲ್ಲ ಸಂತೋಷಕ್ಕಿಂತ ಹೆಚ್ಚು ಎಂದಲ್ಲ. 'ಅತ್ಯಂತ ಚೆಂದದ ಊರು' ಎಂದಾಗ ತುಂಬಾ ಚೆಂದದ ಊರೋ, ಎಲ್ಲ ಊರಿಗಿಂತ ಚೆಂದದ ಊರೋ? ಪದ ಉತ್ತರ ಕೊಡುವುದಿಲ್ಲ. ಇಂಗ್ಲಿಷಿನಲ್ಲೂ 'ಎ ಮೋಸ್ಟ್ ಬ್ಯೂಟಿಫುಲ್ ವಿಲೇಜ್', 'ದ ಮೋಸ್ಟ್ ಬ್ಯೂಟಿಫುಲ್ ವಿಲೇಜ್' ಎಂಬ ಎರಡು ಮಾತುಗಳಿವೆ. ಮೊದಲನೆಯದರಲ್ಲಿ ಹೋಲಿಕೆ ಇಲ್ಲ, ಎರಡನೆಯದರಲ್ಲಿದೆ. ಅಲ್ಲಿ 'ಎ' ಮತ್ತು 'ದ' ಬೇರ್ಪಡಿಸುವ ಅರ್ಥಗಳನ್ನು ಕನ್ನಡದ 'ಅತ್ಯಂತ' ಒಂದೇ ಚೀಲಕ್ಕೆ ತುಂಬುತ್ತದೆ. ಇಂಗ್ಲಿಷಿನಿಂದ ಸುದ್ದಿ ಮತ್ತು ಪಾಠಗಳನ್ನು ಅವಸರದಲ್ಲಿ ತರುವ ಬರವಣಿಗೆಯೇ ಈ ಪದವನ್ನು ತಮರೂಪದ ಖಾಯಂ ಜಾಗಕ್ಕೆ ಕೂರಿಸಿತು ಎಂಬುದು ನನ್ನ ತೀರ್ಮಾನ. ಆಡುಮಾತಿನಲ್ಲಿ ಅದು ಇಂದಿಗೂ ಆ ಕೆಲಸ ಮಾಡುವುದಿಲ್ಲ. ಮಂಡಿಯಲ್ಲಿ 'ಇದು ಅತ್ಯಂತ ದೊಡ್ಡ ಹಣ್ಣು' ಎನ್ನುವ ವ್ಯಾಪಾರಿ ಸಿಗುವುದಿಲ್ಲ.

ಕೋಲಾರ ಚಿನ್ನದ ಗಣಿಯ ಬಗ್ಗೆ ಬರೆಯುವಾಗ ಇದು ಚೆನ್ನಾಗಿ ಕಾಣುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಪಡೆದ, 2001ರ ಫೆಬ್ರವರಿ 28ರಂದು ಮುಚ್ಚಿದ ಆ ಗಣಿಯ ಚಾಂಪಿಯನ್ ರೀಫ್ ಭಾಗ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. 'ವಿಶ್ವದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದಾಗಿದೆ' ಎಂಬ ವಾಕ್ಯ ಎಲ್ಲ ಕಡೆ ಸಿಗುತ್ತದೆ. ಇದು 'ಒನ್ ಆಫ್ ದ ಡೀಪೆಸ್ಟ್ ಮೈನ್ಸ್' ಎಂಬುದರ ಪಡಿಯಚ್ಚು. ಎಲ್ಲಕ್ಕಿಂತ ಆಳವಾದದ್ದು ಒಂದೇ ಇರಬೇಕಲ್ಲ, 'ಗಳು' ಹೇಗೆ ಎಂದು ಕನ್ನಡದ ಕಿವಿ ತಡೆಯುತ್ತದೆ. ಇಂಗ್ಲಿಷು ಅಲ್ಲಿ ತುದಿಯ ಒಂದು ಸಣ್ಣ ಗುಂಪನ್ನು ಕಟ್ಟಿ, ಅದರಿಂದ ಒಂದನ್ನು ಆರಿಸುತ್ತದೆ. ಅದು ಅದರ ರೂಢಿ. ನಮ್ಮ ಮಕ್ಕಳು 'ಒನ್ ಆಫ್ ದ ಬೆಸ್ಟ್ ಸ್ಟೂಡೆಂಟ್' ಎಂದು ಏಕವಚನ ಬರೆಯುವುದು ಆ ಒಳಗಿನ ಗುಂಪು ಅವರಿಗೆ ಕಾಣದೇ ಇರುವುದರಿಂದ. ಕನ್ನಡದಲ್ಲಿ 'ಅಷ್ಟು ಆಳದ ಗಣಿ ಲೋಕದಲ್ಲಿ ಎಲ್ಲೋ ಕೆಲವು' ಎಂದರೆ ವಿಷಯವೂ ಉಳಿಯುತ್ತದೆ, ಭಾಷೆಯೂ ಉಳಿಯುತ್ತದೆ.

ಶಾಲೆಯ ಚರಿತ್ರೆ ಚಿಕ್ಕದು. 1890ರ ದಶಕದ ನೆಸ್‌ಫೀಲ್ಡ್ ವ್ಯಾಕರಣಮಾಲೆ, 1930ರ ದಶಕದ ರೆನ್ ಮತ್ತು ಮಾರ್ಟಿನ್, ಈ ಎರಡು ಭಾರತದ ಇಂಗ್ಲಿಷ್ ತರಗತಿಗಳನ್ನು ಆಳಿದವು. ವಾಕ್ಯದ ಡಿಗ್ರಿ ಬದಲಾಯಿಸುವ ಅಭ್ಯಾಸ ಈ ಪರಂಪರೆಯದು. ಹುಡುಗ 'ರಾಮು ಈಸ್ ದ ಟಾಲೆಸ್ಟ್ ಬಾಯ್ ಇನ್ ದ ಕ್ಲಾಸ್' ಎಂಬುದನ್ನು 'ರಾಮು ಈಸ್ ಟಾಲರ್ ದ್ಯಾನ್ ಎನಿ ಅದರ್ ಬಾಯ್' ಎಂದೂ, 'ನೋ ಅದರ್ ಬಾಯ್ ಈಸ್ ಆ್ಯಸ್ ಟಾಲ್ ಆ್ಯಸ್ ರಾಮು' ಎಂದೂ ತಿರುಗಿಸಬೇಕು. ಇದನ್ನು ಯಂತ್ರದಂತೆ ಮಾಡಿಸುತ್ತಾ ಬಂದಿದ್ದೇವೆ. ಎರಡನೆಯ ವಾಕ್ಯ ನಮ್ಮ 'ಮಿಕ್ಕೆಲ್ಲರಿಗಿಂತ ಎತ್ತರ', ಮೂರನೆಯದು ನಮ್ಮ 'ಅವನಷ್ಟು ಎತ್ತರದವನು ಇನ್ನೊಬ್ಬನಿಲ್ಲ'. ಮಗು ಮನೆಯಿಂದಲೇ ತಂದಿರುವ ಎರಡು ವಾಕ್ಯಗಳು ಇವು, ಹೊಸದು ಮೊದಲನೆಯದೊಂದೇ. ನಾವು ಹೊಸದರಿಂದ ಶುರುಮಾಡಿ, ಗೊತ್ತಿರುವುದನ್ನು ಕಷ್ಟದ ಅಭ್ಯಾಸವೆಂದು ಕೊನೆಗೆ ಇಡುತ್ತೇವೆ. 'ಅದರ್' ಬಿಟ್ಟರೆ ಅಂಕ ಹೋಗುವುದಕ್ಕೂ ಕಾರಣ ಇಲ್ಲೇ ಇದೆ. 'ಎಲ್ಲರಿಗಿಂತ' ಎಂದಾಗ ಆ 'ಎಲ್ಲ'ರಲ್ಲಿ ಅವನೂ ಸೇರಿದ್ದಾನೆಯೇ ಎಂದು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ. ಇಂಗ್ಲಿಷು ಕೇಳುತ್ತದೆ.

ಈಚಿನ ಭಾಷಾಶಾಸ್ತ್ರವೂ ಈ ಕ್ರಮವನ್ನೇ ಎತ್ತಿಹಿಡಿಯುತ್ತದೆ. ಜೊನಾಥನ್ ಬೊಬಾಲ್ಜಿಕ್ 2012ರ ತನ್ನ ಗ್ರಂಥದಲ್ಲಿ ಹಲವಾರು ಭಾಷೆಗಳನ್ನು ನೋಡಿ, ತಮರೂಪದ ಒಳಗೆ ಯಾವಾಗಲೂ ತರರೂಪ ಅಡಗಿರುತ್ತದೆ ಎಂದು ವಾದಿಸಿದ. 'ಎಲ್ಲರಿಗಿಂತ' ಎಂಬುದರಲ್ಲಿ 'ಗಿಂತ' ಅಡಗಿಲ್ಲ, ಎಲ್ಲರಿಗೂ ಕಾಣುವಂತೆ ನಿಂತಿದೆ. ನಮ್ಮ ಡಿ.ಎನ್. ಶಂಕರ ಭಟ್ಟರು 1994ರಲ್ಲಿ ವಿಶೇಷಣ ಎಂಬ ವರ್ಗದ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದರು. ಬೇರೆ ಭಾಷೆಯ ಚೌಕಟ್ಟನ್ನು ಕನ್ನಡಕ್ಕೆ ತೊಡಿಸಬಾರದು, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂಬುದು ಅವರ ಜೀವಮಾನದ ಮಾತು. ಇಂಗ್ಲಿಷ್ ಕಲಿಸುವಾಗಲೂ ಆ ಮಾತು ಸಲ್ಲುತ್ತದೆ ಎಂದು ನಾನು ಸೇರಿಸುತ್ತೇನೆ. ಈ ಜಿಲ್ಲೆಯ ಮಣ್ಣಿಗೆ ಇಂಗ್ಲಿಷು ಹೊರಗಿನದಾಗಿ ಉಳಿಯಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮದರಾಸು ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ ಎಂ.ಎ. ಪಡೆದವರು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟದೆಯೂ 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಶುರುಮಾಡಿ ನಡೆಸಿದರು. ಇಬ್ಬರೂ ಒಂದು ಭಾಷೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದವರಲ್ಲ.

2007-08ರಿಂದ ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಗಡಿಯ ಶಾಲೆಗಳಲ್ಲಿ ಅದನ್ನು ಕಲಿಸುವ ಮೇಷ್ಟರು, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ತಮರೂಪದ ಪಾಠವನ್ನು ಕಪ್ಪುಹಲಗೆಯ ಮೂರು ಕಂಬಸಾಲುಗಳಿಂದ ಆರಂಭಿಸಬೇಡಿ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತಾರೆ, ಗಿಡ್ಡವರು ಮುಂದೆ, ಉದ್ದವರು ಹಿಂದೆ. ಅಲ್ಲೇ ಕೇಳಿ: 'ಎಲ್ಲರಿಗಿಂತ ಎತ್ತರ ಯಾರು?' ಮಕ್ಕಳು ಒಂದೇ ದನಿಯಲ್ಲಿ 'ಇವ್ನೇ ಸಾರ್', 'ವೀಡೇ ಸಾರ್' ಎಂದು ಬೆರಳು ತೋರಿಸುತ್ತಾರೆ. ಆ 'ಏ'ಗೆ ಇಂಗ್ಲಿಷಿನಲ್ಲಿ 'ದ', ಆ 'ಎಲ್ಲರಿಗಿಂತ'ಕ್ಕೆ 'ಎಸ್ಟ್', ಆ ಸಾಲಿಗೆ 'ಇನ್ ದ ಲೈನ್' ಎಂದು ಹೇಳಿಕೊಡಿ. ಅವರ ತೆಲುಗನ್ನೂ ಕನ್ನಡವನ್ನೂ ತರಗತಿಯ ಬಾಗಿಲ ಹೊರಗೆ ನಿಲ್ಲಿಸದೆ ಇಂಗ್ಲಿಷನ್ನು ಒಳಗೆ ಕರೆಯಿರಿ.